ಎಲ್ಲರೆದುರು ಎಣಿಸಿದ ಮತ

28 ನವೆಂಬರ್ 2024, ಗುರುವಾರ
ಟೆಮಾ, ಘಾನಾ

ಇವತ್ತು ಮಗಳ ಮನೆಯ ಟಿ.ವಿ.ಯಲ್ಲಿ ಶಾಂತಿ ಒಪ್ಪಂದದ ಕಾರ್ಯಕ್ರಮ ತೋರಿಸಿದರು. ಅಧ್ಯಕ್ಷ ಸ್ಥಾನಕ್ಕೆ ನಿಂತವರನ್ನು ಒಂದೇ ಕಡೆ ಕೂರಿಸಿ, ಗೆದ್ದರೂ ಸೋತರೂ ಗಲಭೆಗೆ ಇಳಿಯುವುದಿಲ್ಲ, ತಕರಾರಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂದು ಬರೆಸಿಕೊಂಡು ರುಜು ಹಾಕಿಸುತ್ತಾರೆ. ಕರೆಸುವುದು ಇಲ್ಲಿಯ ರಾಷ್ಟ್ರೀಯ ಶಾಂತಿ ಮಂಡಳಿ. ವಿರೋಧ ಪಕ್ಷದವರು ಈ ಸಲ ಸಹಿ ಹಾಕುವುದೇ ಇಲ್ಲವೆಂದು ಪಟ್ಟು ಹಿಡಿದಿದ್ದರಂತೆ, ಕೊನೆಗೆ ಬಂದರು. ಅಳಿಯ "ಇದೆಲ್ಲ ಫೋಟೋಗೆ ಅತ್ತೆ" ಅಂದರು. ನನಗೆ ಹಾಗನ್ನಿಸಲಿಲ್ಲ. ನಾಲ್ಕು ಜನರ ಮುಂದೆ ಕೊಟ್ಟ ಮಾತಿಗೆ ಒಂದು ತೂಕ ಇದ್ದೇ ಇರುತ್ತದೆ.

ಮತದಾನ ಡಿಸೆಂಬರ್ 7ಕ್ಕೆ. ನಾಲ್ಕು ವರ್ಷಕ್ಕೊಂದು ಚುನಾವಣೆ. ಪ್ರತಿಯೊಬ್ಬರಿಗೂ ಎರಡು ಚೀಟಿ: ಒಂದು ಅಧ್ಯಕ್ಷರಿಗೆ, ಇನ್ನೊಂದು ಕ್ಷೇತ್ರದ ಸಂಸದರಿಗೆ. ಸಂಸದರ ಆಯ್ಕೆ ನಮ್ಮಂತೆಯೇ, ಹೆಚ್ಚು ಮತ ಬಿದ್ದವರು ಗೆದ್ದರು. ಅಧ್ಯಕ್ಷರಾಗಲು ಮಾತ್ರ ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಯಾರಿಗೂ ಅಷ್ಟು ಬಾರದಿದ್ದರೆ ಮೊದಲಿಬ್ಬರ ನಡುವೆ ಇನ್ನೊಂದು ಸುತ್ತು. ಎರಡು ಅವಧಿ ಮುಗಿಸಿದವರು ಮತ್ತೆ ನಿಲ್ಲುವಂತಿಲ್ಲ, ಹಾಗಾಗಿ ಈಗಿನ ಅಧ್ಯಕ್ಷ ಅಕುಫೊ-ಅಡ್ಡೊ ಕಣದಲ್ಲಿಲ್ಲ. ಅವರ ಪಕ್ಷ ಎನ್‌ಪಿಪಿಯಿಂದ ಉಪಾಧ್ಯಕ್ಷ ಮಹಾಮುದು ಬಾವುಮಿಯಾ ನಿಂತಿದ್ದಾರೆ, ಗುರುತು ಆನೆ. ವಿರೋಧ ಪಕ್ಷ ಎನ್‌ಡಿಸಿಯಿಂದ ಮಾಜಿ ಅಧ್ಯಕ್ಷ ಜಾನ್ ಮಹಾಮಾ, ಗುರುತು ಕೊಡೆ.

ನಮ್ಮ ಗೇಟಿನ ಕಾವಲುಗಾರ ಉತ್ತರದ ವಾಲೆವಾಲೆ ಕಡೆಯವನು. ಬಾವುಮಿಯಾರದೂ ಅದೇ ಊರು. "ನಮ್ಮ ಕಡೆಯವರು, ನಮ್ಮ ಹಾಗೆ ನಮಾಜು ಮಾಡುವವರು, ದೊಡ್ಡ ಪಕ್ಷದ ಚೀಟಿಯಲ್ಲಿ ಮೊದಲನೇ ಸಾಲಿನಲ್ಲಿದ್ದಾರೆ" ಎಂದು ಹೇಳುವಾಗ ಅವನ ಮುಖ ನೋಡಬೇಕು. ಎದುರು ಮನೆಯ ಟೈಲರ್ ಹೆಂಗಸಿನದು ಕೊಡೆ. ಇಬ್ಬರೂ ದಿನಾ ಬೆಳಿಗ್ಗೆ ಒಂದೇ ಅಂಗಡಿಯ ವಾಚೆ ಎಂಬ ತಿಂಡಿ ತಂದು, ಒಂದೇ ಕಟ್ಟೆಯ ಮೇಲೆ ಕೂತು ತಿನ್ನುತ್ತಾರೆ, ವಾದ ಮಾಡುತ್ತಾರೆ.

2 ಡಿಸೆಂಬರ್, ಸೋಮವಾರ

ಪೊಲೀಸರು, ಸೈನಿಕರು, ಪತ್ರಕರ್ತರು, ಚುನಾವಣೆ ಕೆಲಸಕ್ಕೆ ಹೋಗುವ ಸಿಬ್ಬಂದಿ, ಇವರಿಗೆಲ್ಲ ಇವತ್ತೇ ಮತದಾನ. ಹಾಕಿದ ಪೆಟ್ಟಿಗೆಗಳನ್ನು ಸೀಲು ಮಾಡಿ ಇಟ್ಟು, ಏಳನೇ ತಾರೀಖು ಉಳಿದ ಮತಗಳ ಜೊತೆಗೇ ಎಣಿಸುತ್ತಾರೆ. ಇದನ್ನು ಕೇಳಿ ಹೊಟ್ಟೆ ತಣ್ಣಗಾಯಿತು. ನೌಕರಿಯಲ್ಲಿದ್ದಷ್ಟು ಕಾಲ ನನಗೆ ಚುನಾವಣೆ ಡ್ಯೂಟಿ ತಪ್ಪಿದ್ದಿಲ್ಲ. ಮೊದಲು ಪೋಲಿಂಗ್ ಆಫೀಸರ್, ಆಮೇಲೆ ಪ್ರಿಸೈಡಿಂಗ್ ಆಫೀಸರ್. ಅಂಚೆ ಮತಪತ್ರ ಸಕಾಲಕ್ಕೆ ಕೈಸೇರದೆ, ಊರವರ ಮತವನ್ನೆಲ್ಲ ಹಾಕಿಸಿ ತಮ್ಮ ಮತ ಕಳೆದುಕೊಂಡು ಬಂದ ಮೇಷ್ಟರುಗಳನ್ನು ನಾನು ಎಷ್ಟೋ ಜನ ನೋಡಿದ್ದೇನೆ.

ಸಂಜೆಯ ಸುದ್ದಿಯಲ್ಲಿ ಮತ ಹಾಕಿ ಬಂದ ಪೊಲೀಸಿನವಳೊಬ್ಬಳು ಬೆರಳು ತೋರಿಸಿದಳು. ಬೆರಳಿಗೆ ಹಚ್ಚುವ ಶಾಯಿ ಇನ್ನು ಬೇಡ, ಬೆರಳಚ್ಚು ಯಂತ್ರವೇ ಸಾಕು ಎಂದು ಚುನಾವಣಾ ಆಯೋಗ ಹೊರಟಿತ್ತಂತೆ. ಪಕ್ಷಗಳು ಒಪ್ಪಲಿಲ್ಲ, ಶಾಯಿ ಉಳಿಯಿತು. ನಮ್ಮ ಮೈಸೂರಿನ ಪೇಂಟ್ಸ್ ಕಾರ್ಖಾನೆ ಶಾಯಿ ಕಳಿಸಿರುವ ದೇಶಗಳಲ್ಲಿ ಘಾನಾವೂ ಒಂದು ಎಂದು ಮಗಳಿಗೆ ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ.

4 ಡಿಸೆಂಬರ್, ಬುಧವಾರ

ಅಳಿಯನ ಫ್ಯಾಕ್ಟರಿಯ ಹಿರಿಯ ಲೆಕ್ಕಿಗರೊಬ್ಬರು ಊಟಕ್ಕೆ ಬಂದಿದ್ದರು. ನಾನು ಚುನಾವಣೆ ಡ್ಯೂಟಿ ಮಾಡಿದವಳು ಎಂದು ತಿಳಿದದ್ದೇ ತಡ, ತಟ್ಟೆ ಬದಿಗೆ ಸರಿಸಿ ಹೇಳತೊಡಗಿದರು. ಅವರಿಂದ ಕೇಳಿದ್ದನ್ನು ಇಲ್ಲಿ ಬರೆದಿಟ್ಟುಕೊಳ್ಳಬೇಕು.

1992ರಲ್ಲಿ ಸೈನಿಕ ಆಡಳಿತ ಮುಗಿದು ಚುನಾವಣೆ ನಡೆದಾಗ, ಆಳುತ್ತಿದ್ದ ರಾಲಿಂಗ್ಸ್ ಅವರೇ ಗೆದ್ದರು. ಮೋಸ ನಡೆದಿದೆ ಎಂದು ವಿರೋಧಿಗಳು ಸಂಸತ್ತಿನ ಚುನಾವಣೆಯನ್ನೇ ಬಹಿಷ್ಕರಿಸಿದರು. ಅಂಥ ಜಾಗದಿಂದ ಶುರು ಮಾಡಿ ನಂಬಿಕೆ ಬೆಳೆಸಬೇಕಿತ್ತು. ಮರುವರ್ಷ ಆಯೋಗದ ಅಧ್ಯಕ್ಷರಾದವರು ಅಫಾರಿ-ಜ್ಯಾನ್ ಎಂಬ ಅಧ್ಯಾಪಕರು. ಪಕ್ಷಗಳನ್ನೆಲ್ಲ ಆಯೋಗದ ಮೇಜಿನ ಸುತ್ತ ಕೂರಿಸುವ ಒಂದು ಸಲಹಾ ಸಮಿತಿ 1994ರಲ್ಲಿ ಶುರುವಾಯಿತು. 1996ರ ಚುನಾವಣೆಗೆ ಒಳಗಿನ ಚೀಟಿ ಕಾಣುವಂಥ ಪಾರದರ್ಶಕ ಪೆಟ್ಟಿಗೆಗಳು ಬಂದವು. 2000ದಲ್ಲಿ ರಾಲಿಂಗ್ಸ್ ಅವಧಿ ಮುಗಿದು ಇಳಿದರು, ಅವರ ಪಕ್ಷ ಸೋತಿತು, ವಿರೋಧ ಪಕ್ಷದ ಕುಫೂರ್ ಅಧ್ಯಕ್ಷರಾದರು. ಮತಗಟ್ಟೆಗಳಿಂದ ಎಫ್‌ಎಂ ರೇಡಿಯೋದವರು ಅಂಕಿಗಳನ್ನು ಆಗಿಂದಾಗಲೇ ಓದುತ್ತಿದ್ದರಿಂದ ಮಧ್ಯೆ ಯಾರೂ ಕೈಯಾಡಿಸಲು ಆಗಲಿಲ್ಲ ಎಂಬುದು ಲೆಕ್ಕಿಗರ ಅಭಿಪ್ರಾಯ.

2008ರದು ಕೇಳುವಾಗ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಮೊದಲ ಸುತ್ತಿನಲ್ಲಿ ಅಕುಫೊ-ಅಡ್ಡೊಗೆ ಶೇ. 49.13, ಅರ್ಧ ಮುಟ್ಟಲಿಲ್ಲ. ಎರಡನೇ ಸುತ್ತು ಡಿಸೆಂಬರ್ 28ಕ್ಕೆ ನಡೆಯಿತು. ತಾಯಿನ್ ಎಂಬ ಒಂದೇ ಒಂದು ಗ್ರಾಮೀಣ ಕ್ಷೇತ್ರದಲ್ಲಿ ಅವತ್ತು ಮತದಾನ ಆಗಲಿಲ್ಲ. ಉಳಿದ ಕಡೆಯ ಅಂತರ ಎಷ್ಟು ಸಣ್ಣದಿತ್ತೆಂದರೆ, ಇಡೀ ದೇಶ ಹೊಸ ವರ್ಷದ ದಿನ ತಾಯಿನ್ ಕಡೆ ಮುಖಮಾಡಿ ಕೂತಿತ್ತು. ಜನವರಿ 2ಕ್ಕೆ ಅಲ್ಲಿ ಮತದಾನ ಆಯಿತು. ಎದುರಾಳಿ ಆಟಾ ಮಿಲ್ಸ್ ಗೆದ್ದದ್ದು ಸುಮಾರು 40 ಸಾವಿರ ಮತಗಳಿಂದ. ಆಳುವ ಪಕ್ಷದ ಅಕುಫೊ-ಅಡ್ಡೊ ಸೋಲು ಒಪ್ಪಿಕೊಂಡರು, ಅಧಿಕಾರ ಕೈ ಬದಲಾಯಿತು.

"ಆ ವಾರ ನಾವು ಎಣ್ಣೆ, ಅಕ್ಕಿ, ನೀರು ತುಂಬಿಟ್ಟುಕೊಂಡು ಒಳಗೆ ಕೂತಿದ್ದೆವು. ಪಕ್ಕದ ಐವರಿ ಕೋಸ್ಟ್‌ನಲ್ಲಿ ಯುದ್ಧ ಆಗಿದ್ದು ಕಣ್ಣಾರೆ ಕಂಡಿದ್ದೆವಲ್ಲ" ಎಂದರು ಅವರು. ಅದಾದ ಎರಡು ವರ್ಷಕ್ಕೆ ಅದೇ ಐವರಿ ಕೋಸ್ಟ್‌ನಲ್ಲಿ ಸೋತ ಅಧ್ಯಕ್ಷ ಕುರ್ಚಿ ಬಿಡದೆ ಮೂರು ಸಾವಿರದಷ್ಟು ಜನ ಸತ್ತರು. ಇಷ್ಟು ಹತ್ತಿರದ ಎರಡು ದೇಶ.

6 ಡಿಸೆಂಬರ್, ಶುಕ್ರವಾರ

ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಹೆಸರು ಎಲ್ಲಿದೆಯೋ ಅಲ್ಲಿಗೇ ಹೋಗಿ ಮತ ಹಾಕಬೇಕು. ಕಾವಲುಗಾರ ನಿನ್ನೆ ರಾತ್ರಿಯೇ ಉತ್ತರದ ಬಸ್ಸು ಹತ್ತಿದ. ಮಗಳು ಎರಡು ದಿನದ ತರಕಾರಿ ತಂದಿಟ್ಟಿದ್ದಾಳೆ. "ಅಮ್ಮಾ, ನಾಳೆ ನೀನು ಆ ಸ್ಕೂಲ್ ಹತ್ರ ಹೋಗಿ ನಿಂತ್ಕೋಬೇಡ" ಎಂದು ಈಗಾಗಲೇ ಹೇಳಿದ್ದಾಳೆ. ಹೋಗದೆ ಇರಲು ನನ್ನಿಂದ ಆಗದು.

7 ಡಿಸೆಂಬರ್, ಶನಿವಾರ, ರಾತ್ರಿ

ಹೋಗಿದ್ದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಸಂಜೆ ಮಗಳೇ ಜೊತೆಗೆ ಬಂದಳು.

ಬೀದಿಯ ಕೊನೆಯಲ್ಲಿರುವ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಮತಗಟ್ಟೆ. ಒಳಗೆ ಕೋಣೆಯಲ್ಲಲ್ಲ, ಬಯಲಲ್ಲಿ: ಒಂದು ಶಾಮಿಯಾನ, ನಾಲ್ಕು ಮೇಜು, ರಟ್ಟಿನ ಮರೆ. ರಾತ್ರಿಯೇ ಬಂದು ಕಲ್ಲುಗಳನ್ನು ಸಾಲಾಗಿ ಇಟ್ಟು ತಮ್ಮ ಪಾಳಿ ಹಿಡಿದಿದ್ದರು, ಹಿಂದೆ ನಮ್ಮ ಸೊಸೈಟಿ ಮುಂದೆ ಸೀಮೆಎಣ್ಣೆ ಕ್ಯಾನುಗಳನ್ನು ಇಡುತ್ತಿದ್ದ ಹಾಗೆ. ಏಳು ಗಂಟೆಗೆ ಪ್ರಿಸೈಡಿಂಗ್ ಆಫೀಸರ್ ಖಾಲಿ ಪೆಟ್ಟಿಗೆಗಳನ್ನು ತಲೆಕೆಳಗು ಮಾಡಿ ತೋರಿಸಿ ಸೀಲು ಹಾಕಿದ. ಇಪ್ಪತ್ತೈದು ವರ್ಷದ ಹುಡುಗನಿರಬಹುದು. ಹಣೆಯಲ್ಲಿ ಬೆವರು. ಆ ಹೊತ್ತಿನ ಭಯ ನನಗೆ ಚೆನ್ನಾಗಿ ಗೊತ್ತು.

ಹೆಸರು ನೋಡಿದ ಮೇಲೆ ಯಂತ್ರದ ಮೇಲೆ ಬೆರಳಿಡಬೇಕು. ಗುರುತು ಹತ್ತಿದರೆ ಶಾಯಿ, ಆಮೇಲೆ ಮುದ್ರೆಯೊತ್ತಿದ ಚೀಟಿ. ಚೀಟಿಯಲ್ಲಿ ಅಭ್ಯರ್ಥಿಯ ಫೋಟೋ, ಪಕ್ಷದ ಗುರುತು, ಪಕ್ಕದಲ್ಲಿ ಖಾಲಿ ಚೌಕ. ಆ ಚೌಕದಲ್ಲಿ ಹೆಬ್ಬೆರಳೊತ್ತಬೇಕು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೂ ಮಾಕೋಲಾ ಮಾರುಕಟ್ಟೆಯಲ್ಲಿ ತಲೆಹೊರೆ ಹೊರುವ ಉತ್ತರದ ಹೆಣ್ಣುಮಕ್ಕಳಿಗೂ ಅದೊಂದೇ ವಿಧಾನ. ಪೆಟ್ಟಿಗೆಗಳು ಎಲ್ಲರ ಕಣ್ಣೆದುರಿಗೇ ಇರುತ್ತವೆ. ಬೆನ್ನಿಗೆ ಮಗು ಕಟ್ಟಿಕೊಂಡ ತಾಯಂದಿರನ್ನೂ ಮುದುಕರನ್ನೂ ಸಾಲಿನವರೇ ಮುಂದೆ ಕಳಿಸುತ್ತಿದ್ದರು.

ಸಂಜೆ ಐದಕ್ಕೆ ಸಾಲಿನ ಕೊನೆಯವನ ಹಿಂದೆ ಪೊಲೀಸಿನವನೊಬ್ಬ ನಿಂತ. (ನಾವು ಕೊನೆಯಿಂದ ಶುರು ಮಾಡಿ ಚೀಟಿ ಹಂಚಿಕೊಂಡು ಬರುತ್ತಿದ್ದೆವು.) ಆಮೇಲೆ ನಡೆದದ್ದನ್ನು ಬರೆಯಲೆಂದೇ ಈ ಹೊತ್ತಿನಲ್ಲಿ ಕೂತಿದ್ದೇನೆ.

ಮತ ಹಾಕಿ ಮನೆಗೆ ಹೋಗಿದ್ದವರು ಒಬ್ಬೊಬ್ಬರಾಗಿ ವಾಪಸು ಬಂದರು. ಕೆಲವರು ಸ್ಟೂಲು ತಂದಿದ್ದರು. ಹಗ್ಗ ಕಟ್ಟಿದ ಗೆರೆಯಾಚೆ ಬೇವಿನ ಮರದ ಕೆಳಗೆ ಇಡೀ ಬೀದಿಯೇ ಸೇರಿತು. ಮೇಜಿನ ಮೇಲೆ ಪೆಟ್ಟಿಗೆ ಸುರಿದು, ಚೀಟಿಗಳನ್ನು ಅಭ್ಯರ್ಥಿವಾರು ಗುಡ್ಡೆ ಮಾಡಿದರು. ಅಷ್ಟು ಹೊತ್ತಿಗೆ ಕತ್ತಲಾಗಿ ಬ್ಯಾಟರಿ ದೀಪ ಹಚ್ಚಿದರು, ಜನ ಮೊಬೈಲ್ ಬೆಳಕು ಹಿಡಿದರು. ಆಮೇಲೆ ಆ ಹುಡುಗ ಒಂದೊಂದೇ ಚೀಟಿಯನ್ನು ತಲೆಯ ಮೇಲೆ ಎತ್ತಿ, ಎಡಕ್ಕೆ ಬಲಕ್ಕೆ ತಿರುಗಿಸಿ ತೋರಿಸತೊಡಗಿದ. ಒಂದು ಚೀಟಿಗೆ ಒಂದು ಸಂಖ್ಯೆ. ಹೇಳಿದ್ದು ಅವನಲ್ಲ, ಜನ! ನೂರಾರು ಕಂಠ ಒಟ್ಟಿಗೆ ಎಣಿಸುತ್ತಿದ್ದವು. ಹೆಬ್ಬೆರಳ ಗುರುತು ಎರಡು ಚೌಕಗಳ ನಡುವಿನ ಗೆರೆಯ ಮೇಲೆ ಬಿದ್ದ ಒಂದು ಚೀಟಿ ಬಂದಾಗ ಅವನು ನಿಲ್ಲಿಸಿದ. ಪಕ್ಷಗಳ ಏಜೆಂಟರು ಬಗ್ಗಿ ನೋಡಿದರು. "ರಿಜೆಕ್ಟೆಡ್" ಎಂದು ಪಕ್ಕಕ್ಕಿಟ್ಟ. ತಮ್ಮ ಪಕ್ಷದ ಮತ ಹೋದವರು ಗೊಣಗಿದರು. ಆದರೂ ಎಣಿಕೆ ಅಲ್ಲಿಂದಲೇ ಮುಂದುವರಿಯಿತು.

ನಾನು ಎಷ್ಟು ಚುನಾವಣೆ ಮಾಡಿಸಿದ್ದೇನೋ, ಅಷ್ಟರಲ್ಲಿ ಒಂದರಲ್ಲೂ ನನ್ನ ಮತಗಟ್ಟೆಯ ಫಲಿತಾಂಶ ನನಗೆ ತಿಳಿದಿದ್ದಿಲ್ಲ. ಪೆಟ್ಟಿಗೆಗೆ ಅರಗು ಹಾಕಿ, ಮುಂದೆ ಯಂತ್ರಕ್ಕೆ ಸೀಲು ಹಾಕಿ, ರಾತ್ರಿ ಡಿಮಸ್ಟರಿಂಗ್ ಕೇಂದ್ರದಲ್ಲಿ ಒಪ್ಪಿಸಿ ಬರುವುದಷ್ಟೇ ನಮ್ಮ ಕೆಲಸ. ನಾವು ಏಜೆಂಟರಿಗೆ ಕೊಡುವ 17ಸಿ ಫಾರಂನಲ್ಲಿ ಬೀಳುವುದು ಒಟ್ಟು ಎಷ್ಟು ಮತ ಬಿತ್ತೆಂಬ ಅಂಕಿ ಮಾತ್ರ. ಯಾರಿಗೆ ಎಷ್ಟು ಎಂಬುದು ದಿನಗಳಾದ ಮೇಲೆ, ಜಿಲ್ಲಾ ಕೇಂದ್ರದ ಎಣಿಕೆ ಹಾಲಿನಲ್ಲಿ. ಇಲ್ಲಿ ಫಲಿತಾಂಶ ಹುಟ್ಟುವುದೇ ಆ ಅಂಗಳದಲ್ಲಿ. ಇದು ಬರೀ ರೂಢಿಯಲ್ಲ, 1992ರ ಸಂವಿಧಾನದ 49ನೇ ವಿಧಿ: ಮತದಾನ ಮುಗಿದ ಕೂಡಲೇ ಪ್ರಿಸೈಡಿಂಗ್ ಆಫೀಸರ್ ಅಭ್ಯರ್ಥಿಗಳ ಅಥವಾ ಏಜೆಂಟರ ಮುಂದೆ ಎಣಿಸಬೇಕು, ಬರೆದು ಸಹಿ ಹಾಕಬೇಕು, ಮೇಲಿನವರಿಗೆ ಕಳಿಸುವ ಮುನ್ನ ಅಲ್ಲಿಯೇ ಘೋಷಿಸಬೇಕು.

ಅಧ್ಯಕ್ಷರ ಮತ ಮುಗಿದ ಮೇಲೆ ಸಂಸದರದು. ಒಂದು ಪಕ್ಷಕ್ಕೆ ಅಧ್ಯಕ್ಷರ ಮತ, ಇನ್ನೊಂದಕ್ಕೆ ಸಂಸದರ ಮತ ಹಾಕಿದವರೂ ಸಾಕಷ್ಟು ಇದ್ದರು. ಅದಕ್ಕೆ ಇಲ್ಲಿ "ಸ್ಕರ್ಟ್ ಅಂಡ್ ಬ್ಲೌಸ್" ಮತ ಎನ್ನುತ್ತಾರೆ. ಕೊನೆಗೆ ಹುಡುಗ ಕಾರ್ಬನ್ ಹಾಳೆಯ ದೊಡ್ಡ ಫಾರಂ ತುಂಬಿದ. ಏಜೆಂಟರೆಲ್ಲ ಸಹಿ ಮಾಡಿ ಒಂದೊಂದು ಪ್ರತಿ ಪಡೆದರು. ಇನ್ನೊಂದನ್ನು ತರಗತಿಯ ಗೋಡೆಗೆ ಅಂಟಿಸಿದ. ಜನ ಮುಗಿಬಿದ್ದು ಫೋಟೋ ತೆಗೆದುಕೊಂಡರು. ಬಣ್ಣದ ಮೇಲೆ ಅದಕ್ಕೆ "ಪಿಂಕ್ ಶೀಟ್" ಎಂಬ ಹೆಸರು. ನಮ್ಮ ಬೀದಿಯಲ್ಲಿ ಕೊಡೆ ಮುಂದಿತ್ತು. ಟೈಲರಮ್ಮ ನನ್ನ ಕೈ ಹಿಡಿದು ಕುಣಿದಳು.

8 ಡಿಸೆಂಬರ್, ಭಾನುವಾರ

ಬೆಳಿಗ್ಗೆ ಬಾವುಮಿಯಾ ಟಿ.ವಿ.ಯಲ್ಲಿ ಕಾಣಿಸಿಕೊಂಡರು. ಆಯೋಗ ಇನ್ನೂ ಫಲಿತಾಂಶ ಹೇಳಿಯೇ ಇಲ್ಲ. ತಮ್ಮ ಪಕ್ಷ ಕೂಡಿಸಿರುವ ಲೆಕ್ಕದಲ್ಲಿ ಮಹಾಮಾ ಸ್ಪಷ್ಟವಾಗಿ ಗೆದ್ದಿದ್ದಾರೆ, ಸಂಸತ್ತೂ ಎನ್‌ಡಿಸಿಯದೇ, ಜನ ಬದಲಾವಣೆ ಬಯಸಿದ್ದಾರೆ ಎಂದರು. ಮಹಾಮಾಗೆ ಫೋನ್ ಮಾಡಿ ಅಭಿನಂದಿಸಿದ್ದೂ ಆಯಿತಂತೆ. ನಾನು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ನಿಂತು ಕೇಳಿದೆ.

ಆ ಲೆಕ್ಕ ಎಲ್ಲಿಂದ ಬಂತೆಂದರೆ ನಿನ್ನೆ ನಾನು ನೋಡಿದಂಥ ಹಾಳೆಗಳಿಂದ. ದೇಶದಲ್ಲಿ ಸುಮಾರು 41 ಸಾವಿರ ಮತಗಟ್ಟೆ. ಎರಡೂ ದೊಡ್ಡ ಪಕ್ಷಗಳು ಹೆಚ್ಚುಕಡಿಮೆ ಎಲ್ಲ ಕಡೆ ಏಜೆಂಟರನ್ನು ಕೂರಿಸುತ್ತವೆ. ರಾತ್ರಿಯಿಡೀ ಹಾಳೆಗಳು ಪಕ್ಷದ ಕಚೇರಿ ಸೇರುತ್ತವೆ. ಸೋತವರಿಗೆ ತಾವು ಸೋತದ್ದು ತಮ್ಮದೇ ಜನ ಸಹಿ ಹಾಕಿದ ಕಾಗದದಿಂದ ತಿಳಿಯುತ್ತದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಎಲ್ಲಿ ಸಿಕ್ಕೀತು?

ಬಾವುಮಿಯಾರಿಗೆ ಈ ಹಾಳೆಗಳ ಬೆಲೆ ಇನ್ನಾರಿಗಿಂತಲೂ ಚೆನ್ನಾಗಿ ಗೊತ್ತು. 2012ರಲ್ಲಿ ಮಹಾಮಾ ಶೇ. 50.70 ಪಡೆದು ಗೆದ್ದಾಗ ಅಕುಫೊ-ಅಡ್ಡೊ ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿದಾರರ ಪರ ಮುಖ್ಯ ಸಾಕ್ಷಿ ಇದೇ ಬಾವುಮಿಯಾ. ಎಷ್ಟೋ ದಿನ ಕಟಕಟೆಯಲ್ಲಿ ನಿಂತು ಸಾವಿರಾರು ಪಿಂಕ್ ಶೀಟ್‌ಗಳ ತಪ್ಪುಗಳನ್ನು ಹೇಳಿದರು: ಪಟ್ಟಿಗಿಂತ ಹೆಚ್ಚು ಮತ, ಬೆರಳಚ್ಚು ನೋಡದೆ ಕೊಟ್ಟ ಚೀಟಿ, ಪ್ರಿಸೈಡಿಂಗ್ ಆಫೀಸರ್ ಸಹಿ ಇಲ್ಲದ ಹಾಳೆ. ವಿಚಾರಣೆ ಇಡೀ ಟಿ.ವಿ.ಯಲ್ಲಿ ನೇರ ಪ್ರಸಾರವಾಯಿತು. ಮಾರುಕಟ್ಟೆಯ ಹೆಂಗಸರೂ ಪಿಂಕ್ ಶೀಟಿನ ಕಲಮುಗಳನ್ನು ಕಲಿತುಬಿಟ್ಟರಂತೆ. 2013ರ ಆಗಸ್ಟ್ 29ರಂದು ಕೋರ್ಟು ಅರ್ಜಿ ತಳ್ಳಿಹಾಕಿತು. ಅಧಿಕಾರಿ ಸಹಿ ಮರೆತನೆಂದು ಮತದಾರನ ಮತ ಕಳೆಯುವುದು ಸಲ್ಲದು ಎಂಬುದು ಬಹುಮತದ ನ್ಯಾಯಮೂರ್ತಿಗಳ ನಿಲುವು. ಅಕುಫೊ-ಅಡ್ಡೊ ತೀರ್ಪು ತಮಗೆ ಒಪ್ಪಿಗೆಯಾಗದಿದ್ದರೂ ತಲೆಬಾಗುತ್ತೇನೆ ಎಂದರು, ಮುಂದಿನ ಚುನಾವಣೆಯಲ್ಲಿ ಗೆದ್ದರು. ಸಹಿ ಮರೆತ ಅಧಿಕಾರಿಗಳ ಬಗ್ಗೆ ನನಗೆ ಕರುಣೆಯೂ ಇದೆ, ಸಿಟ್ಟೂ ಇದೆ. ದಿನವಿಡೀ ನಿಂತು ದುಡಿದ ಮೇಲೆ ಕೊನೆಯ ಐದು ನಿಮಿಷದಲ್ಲಿ ಕೈ ಸೋಲುತ್ತದೆ, ನಿಜ. ಆದರೆ ಅಷ್ಟೂ ಕೆಲಸ ನಿಂತಿರುವುದು ಆ ಐದು ನಿಮಿಷದ ಮೇಲೆ.

ರಾತ್ರಿಯ ಸುದ್ದಿ ಒಳ್ಳೆಯದಿಲ್ಲ. ಉತ್ತರದ ದಮೊಂಗೊದಲ್ಲಿ ಫಲಿತಾಂಶ ತಡವಾಯಿತೆಂದು ಗುಂಪು ಆಯೋಗದ ಕಚೇರಿಗೆ ಬೆಂಕಿ ಇಟ್ಟಿದೆ.

9 ಡಿಸೆಂಬರ್, ಸೋಮವಾರ

ಆಯೋಗದ ಅಧ್ಯಕ್ಷೆ ಜೀನ್ ಮೆನ್ಸಾ ಫಲಿತಾಂಶ ಘೋಷಿಸಿದರು. 276 ಕ್ಷೇತ್ರಗಳಲ್ಲಿ 267ರ ಲೆಕ್ಕ ಕೈಸೇರಿದೆ, ಮಹಾಮಾ ಶೇ. 56.55, ಬಾವುಮಿಯಾ ಶೇ. 41.61. ಬಾಕಿ ಒಂಬತ್ತು ಬಂದರೂ ಫಲಿತಾಂಶ ಬದಲಾಗುವುದಿಲ್ಲ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಅಂಕಿ. 2020ರಲ್ಲಿ ಸೋತಾಗ ಮಹಾಮಾಗೆ 62 ಲಕ್ಷ ಮತ. ಈಗ ಭಾರಿ ಗೆಲುವಿನಲ್ಲಿ 63 ಲಕ್ಷ. ಎನ್‌ಪಿಪಿಯದು 67 ಲಕ್ಷದಿಂದ 46 ಲಕ್ಷಕ್ಕೆ ಇಳಿದಿದೆ. ಮತದಾನವೇ ಶೇ. 79ರಿಂದ 61ರ ಆಸುಪಾಸಿಗೆ ಬಂದಿದೆ. ಆನೆಗೆ ಒತ್ತಿದ್ದವರು ಕೊಡೆಗೆ ಹೋದದ್ದಕ್ಕಿಂತ ಮನೆಯಲ್ಲೇ ಉಳಿದದ್ದು ಹೆಚ್ಚು. 2022ರ ಡಿಸೆಂಬರಿನಲ್ಲಿ ಇಲ್ಲಿ ಹಣದುಬ್ಬರ ಶೇ. 54 ದಾಟಿತ್ತು. ಸಾಲ ತೀರಿಸಲಾಗದೆ ಸರ್ಕಾರ ಕೈಚೆಲ್ಲಿತು, ಬಾಂಡುಗಳಲ್ಲಿ ಇಟ್ಟಿದ್ದ ನಿವೃತ್ತರ ಉಳಿತಾಯಕ್ಕೂ ಕೈಹಾಕಲು ನೋಡಿತು. ನನ್ನ ವಯಸ್ಸಿನವರು ಹಣಕಾಸು ಸಚಿವಾಲಯದ ಮುಂದೆ ಕುರ್ಚಿ ಹಾಕಿಕೊಂಡು ಕೂತರು, ನಿವೃತ್ತ ಮುಖ್ಯ ನ್ಯಾಯಮೂರ್ತಿ ಸೋಫಿಯಾ ಅಕುಫೊ ಅವರೂ ಬಂದು ಅವರ ಜೊತೆ ನಿಂತರು. ಆ ಸಿಟ್ಟು ಎರಡು ವರ್ಷ ಕಾದಿತ್ತು. ಬಾವುಮಿಯಾ ಆ ಸರ್ಕಾರದ ಆರ್ಥಿಕ ತಂಡದ ಮುಖ್ಯಸ್ಥರು.

11 ಡಿಸೆಂಬರ್, ಬುಧವಾರ

ಕಾವಲುಗಾರ ವಾಪಸು ಬಂದಿದ್ದಾನೆ. ಮುಖ ಸಪ್ಪಗಿದೆ. ಅವನ ಹಳ್ಳಿಯ ಮತಗಟ್ಟೆಯಲ್ಲಿ ಆನೆಗೇ ಹೆಚ್ಚು ಮತ. "ಇನ್ನು ನಾಲ್ಕು ವರ್ಷ ನಮ್ಮೂರ ರಸ್ತೆಗೆ ಜಲ್ಲಿ ಬೀಳುವುದಿಲ್ಲ, ಹಾಳೆ ಗೋಡೆಯ ಮೇಲೇ ಇದೆಯಲ್ಲ" ಅಂದ.

ಈ ಮಾತು ನನ್ನನ್ನು ಬಿಡುತ್ತಿಲ್ಲ. ನಮ್ಮಲ್ಲಿ ಮತಪತ್ರದ ಕಾಲದಲ್ಲಿ ಎಣಿಕೆಗೆ ಮುಂಚೆ ಹಲವು ಮತಗಟ್ಟೆಗಳ ಚೀಟಿಗಳನ್ನು ಡ್ರಮ್ಮಿಗೆ ಹಾಕಿ ಕಲಸುತ್ತಿದ್ದದ್ದು ಇದೇ ಭಯದಿಂದ. ಯಾವ ಹಳ್ಳಿ, ಯಾವ ಕೇರಿ ಯಾರಿಗೆ ಒತ್ತಿತೆಂದು ಗೆದ್ದವನಿಗೆ ಗೊತ್ತಾಗಬಾರದು. ಕಲಸುವುದನ್ನು ನಾನು ಮನಸಾರೆ ಮೆಚ್ಚಿದ್ದೆ. ಕೂಲಿಗೆ ಕರೆಯುವವನು ಒಂದು ಪಕ್ಷ, ಕೂಲಿಗೆ ಹೋಗುವವರು ಇನ್ನೊಂದು ಪಕ್ಷವಾಗಿರುವ ಹಳ್ಳಿಗಳಲ್ಲಿ ಮತ ಹಾಕಿಸಿದವಳು ನಾನು. ಯಂತ್ರ ಬಂದ ಮೇಲೆ ಆ ಕಲಸುವಿಕೆ ಹೋಯಿತು. ಮತಗಟ್ಟೆವಾರು ಅಂಕಿ ಈಗ ಎಲ್ಲ ಪಕ್ಷಗಳ ಕಂಪ್ಯೂಟರಿನಲ್ಲೂ ಇದೆ. ಹಲವು ಯಂತ್ರಗಳ ಮತ ಒಟ್ಟುಗೂಡಿಸಿ ತೋರಿಸುವ ಟೋಟಲೈಸರ್ ತರಬೇಕೆಂದು ನಮ್ಮ ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತ್ತು, ಕಾನೂನು ಆಯೋಗವೂ 2015ರಲ್ಲಿ ಅದನ್ನೇ ಹೇಳಿತು. ಬರಲೇ ಇಲ್ಲ.

ಹಾಗಾದರೆ ನಮಗೆ ಎರಡೂ ಇಲ್ಲದಾಯಿತು. ಘಾನಾದವರು ಹಳ್ಳಿಯ ಗುಟ್ಟು ಬಿಟ್ಟುಕೊಟ್ಟಿದ್ದಾರೆ, ಬದಲಿಗೆ ಊರೆದುರಿನ ಎಣಿಕೆ ಪಡೆದಿದ್ದಾರೆ. ನಾವು ಗುಟ್ಟನ್ನೂ ಬಿಟ್ಟೆವು, ಊರೆದುರಿನ ಎಣಿಕೆಯನ್ನೂ ಪಡೆಯಲಿಲ್ಲ. ಕಳೆದ ಮೇ ತಿಂಗಳಲ್ಲಿ 17ಸಿ ಅಂಕಿಗಳನ್ನು ಮತಗಟ್ಟೆವಾರು ಪ್ರಕಟಿಸಿ ಎಂದು ಕೇಳಿದಾಗ, ಚುನಾವಣೆಯ ನಡುವೆ ಹಾಗೆ ಆದೇಶಿಸಲಾಗದು ಎಂದಿತು ಸುಪ್ರೀಂ ಕೋರ್ಟು. ಒಟ್ಟು ಎಷ್ಟು ಮತ ಬಿತ್ತೆಂಬ ಅಂಕಿಗೇ ಅಷ್ಟು ಜಗ್ಗಾಟ.

ಅಳಿಯ ಹೇಳುವುದರಲ್ಲೂ ಸತ್ಯವಿದೆ. ಇಲ್ಲಿ ಮತದಾರರು 1 ಕೋಟಿ 87 ಲಕ್ಷ, ಒಂದು ಮತಗಟ್ಟೆಗೆ ಸರಾಸರಿ ಐನೂರೂ ಇಲ್ಲ. ನಮ್ಮದು 96 ಕೋಟಿ ದಾಟಿದ ಪಟ್ಟಿ, ಸಾವಿರಕ್ಕೂ ಮೀರಿ ಮತದಾರರಿರುವ ಮತಗಟ್ಟೆಗಳು, ಹಂತಹಂತದ ಮತದಾನ. ಮೊದಲ ಹಂತದ ಊರಿನ ಫಲಿತಾಂಶ ಅವತ್ತೇ ಗೋಡೆಗೆ ಬಿದ್ದರೆ ಏಳನೇ ಹಂತದವರ ಮೇಲೆ ಅದರ ಒತ್ತಡ ಬೀಳುತ್ತದೆ. ಹೌದು. ಆದರೂ ಆಯಾ ಊರಿನಲ್ಲಿ ಒಂದೇ ದಿನದಲ್ಲಿ ಮುಗಿಯುವ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ, ನಮ್ಮ ಶಾಲೆಯ ಅಂಗಳದಲ್ಲಿ, ಊರವರ ಮುಂದೆ ಎಣಿಸಿದರೆ ಏನು ಕಷ್ಟ ಎಂದು ಕೇಳಿದೆ. "ಕೇರಿಗಳ ಗತಿ ಏನು ಅತ್ತೆ?" ಅಂದರು. ಉತ್ತರ ಹೊಳೆಯಲಿಲ್ಲ. ಕಾವಲುಗಾರನಿಗೆ ಕೊಡಲೂ ಉತ್ತರವಿಲ್ಲ.

28 ಡಿಸೆಂಬರ್, ಶನಿವಾರ

ಒಂಬತ್ತು ಕ್ಷೇತ್ರಗಳ ಸಂಸದರ ಮತದ ಜಗಳ ಕೋರ್ಟು ಹತ್ತಿದೆ. ನಾವಿರುವ ಕಡೆಯ ಟೆಮಾ ಸೆಂಟ್ರಲ್ ಕೂಡ ಅದರಲ್ಲಿದೆ. ಮತಗಟ್ಟೆಯಲ್ಲಿ ಅಷ್ಟು ಶಿಸ್ತಾಗಿ ನಡೆದದ್ದು ಕ್ಷೇತ್ರದ ಕೂಡಿಕೆ ಕೇಂದ್ರದಲ್ಲಿ ಕೆಟ್ಟಿತು. ಗುಂಪುಗಳು ನುಗ್ಗಿದವು, ಹಾಳೆಗಳು ಹರಿದವು, ಒತ್ತಡಕ್ಕೆ ಸಿಕ್ಕ ಅಧಿಕಾರಿಗಳು ಕೂಡಿಸಿ ಮುಗಿಸುವ ಮೊದಲೇ ಘೋಷಿಸಿದರು ಎಂದು ಆಯೋಗ ಹೇಳುತ್ತದೆ. ಮತ್ತೆ ಕೂಡಿಸಿ ಎಂದು ಹೈಕೋರ್ಟು ಆದೇಶಿಸಿತ್ತು. ನಾಲ್ಕು ಕ್ಷೇತ್ರಗಳ ಮಟ್ಟಿಗೆ, ಎದುರು ಪಕ್ಷದವರ ಅಹವಾಲು ಕೇಳಲಿಲ್ಲವೆಂದು ಸುಪ್ರೀಂ ಕೋರ್ಟು ನಿನ್ನೆ ಅದನ್ನು ರದ್ದು ಮಾಡಿತು. ಬಯಲಲ್ಲಿ ನೂರು ಜನರ ಮುಂದೆ ನಡೆದ ಕೆಲಸ ಕೆಡಲಿಲ್ಲ, ನಾಲ್ಕು ಗೋಡೆಯ ಒಳಗೆ ಹೋದದ್ದು ಕೆಟ್ಟಿತು.

7 ಜನವರಿ 2025, ಮಂಗಳವಾರ

ಬ್ಲ್ಯಾಕ್ ಸ್ಟಾರ್ ಚೌಕದಲ್ಲಿ ಮಹಾಮಾರ ಪ್ರಮಾಣವಚನ. ಪ್ರಾಧ್ಯಾಪಕಿ ಜೇನ್ ನಾನಾ ಒಪೊಕು-ಅಗ್ಯೆಮಾಂಗ್ ಉಪಾಧ್ಯಕ್ಷೆಯಾದರು. ಈ ದೇಶದಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಹೆಣ್ಣು. ಮೇಷ್ಟರ ಜಾತಿಯವಳೊಬ್ಬಳು ಅಲ್ಲಿ ನಿಂತದ್ದು ಕಂಡು ಸಂತೋಷವಾಯಿತು. ಮಹಾಮಾ ಹೋಗಿ ಕೂರುವ ಜುಬಿಲಿ ಹೌಸ್ ಕಟ್ಟಿದ್ದು ಭಾರತದ ಸಾಲದಿಂದ, ನಮ್ಮ ದೇಶದ ಕಂಪನಿಯೇ ಕಟ್ಟಿದ್ದು ಎಂದು ಅಳಿಯ ತೋರಿಸಿದರು.

ನಾನು ಕಾಯುತ್ತಿದ್ದದ್ದು ಸಂಸತ್ತಿನ ಸುದ್ದಿಗೆ. ಸಾಂಟ್ರೊಕೋಫಿ, ಆಕ್ಪಾಫು, ಲಿಕ್ಪೆ, ಲೊಲೊಬಿ ಎಂಬ ನಾಲ್ಕು ಊರಿನ ಸೀಮೆಗಳಿವೆ, ಪೂರ್ವದ ಗುಡ್ಡಗಾಡಿನಲ್ಲಿ. ಹೊಸ ಪ್ರಾಂತ್ಯ ಆದಾಗ ಇವು ಹಳೆಯ ಕ್ಷೇತ್ರದಿಂದ ಹೊರಬಿದ್ದವು, ಹೊಸ ಕ್ಷೇತ್ರ ರಚನೆ ಆಗಲಿಲ್ಲ. 2020ರ ಮತದಾನದ ಹಿಂದಿನ ರಾತ್ರಿ, ನೀವು ಅಧ್ಯಕ್ಷರಿಗೆ ಮಾತ್ರ ಮತ ಹಾಕಿ, ಸಂಸದರಿಗೆ ಹಾಕುವಂತಿಲ್ಲ ಎಂದು ಆಯೋಗ ತಿಳಿಸಿತು. ನಾಲ್ಕು ವರ್ಷ ಆ ಜನಕ್ಕೆ ಸಂಸತ್ತಿನಲ್ಲಿ ದನಿಯಿರಲಿಲ್ಲ. ಅದೇ ಸಂಸತ್ತಿನಲ್ಲಿ ಎರಡೂ ಪಕ್ಷಕ್ಕೆ 137, 137 ಸ್ಥಾನ ಬಂದು ಸ್ಪೀಕರ್ ಆಯ್ಕೆಯ ರಾತ್ರಿ ಮತಪತ್ರ ಕಸಿದುಕೊಂಡು ಓಡಿದ್ದು, ಸೈನಿಕರು ಒಳಗೆ ಬಂದದ್ದು ಎಲ್ಲ ನಡೆಯಿತು. ಅಂಥ ಹೊತ್ತಿನಲ್ಲಿ ಒಂದು ಸ್ಥಾನ ಎಂದರೆ ಎಷ್ಟು! ಹೇಗೆ ನೋಡಿದರೂ ಆ ಜನಕ್ಕೆ ಅನ್ಯಾಯ, ಕ್ಷಮಿಸಲಾಗದಂಥದು.

ಈ ಸಲ ಗ್ವಾನ್ ಎಂಬ 276ನೇ ಕ್ಷೇತ್ರ ಅವರಿಗಾಗಿಯೇ ಆಗಿದೆ, ಅವರ ಸಂಸದ ಇವತ್ತು ಪ್ರಮಾಣ ಸ್ವೀಕರಿಸಿದರು. ಅಕ್ರಾದ ಅಬ್ಲೆಕುಮಾ ನಾರ್ತ್‌ನ ಕುರ್ಚಿ ಮಾತ್ರ ಖಾಲಿ, ಅಲ್ಲಿಯ ಕೂಡಿಕೆ ಇನ್ನೂ ಮುಗಿದಿಲ್ಲ.

12 ಜುಲೈ 2025, ಶನಿವಾರ
ತಿಪಟೂರು

ನಿನ್ನೆ ಅಬ್ಲೆಕುಮಾ ನಾರ್ತ್‌ನಲ್ಲಿ 19 ಮತಗಟ್ಟೆಗಳಿಗೆ ಮರುಮತದಾನ ಆಯಿತೆಂದು ಮಗಳು ಅಲ್ಲಿಂದ ಸುದ್ದಿ ಕಳಿಸಿದ್ದಾಳೆ. ಎನ್‌ಡಿಸಿ ಗೆದ್ದಿದೆ. ಮತಗಟ್ಟೆಯ ಬಳಿ ಗೂಂಡಾಗಳು ನುಗ್ಗಿ ಮಾಜಿ ಸಚಿವೆಯೊಬ್ಬರ ಮೇಲೂ ಹಲ್ಲೆ ಮಾಡಿದರಂತೆ. ಓದಿ ಬೇಜಾರಾಯಿತು. ಡಿಸೆಂಬರಿನಲ್ಲಿ ಅಷ್ಟು ತಾಳ್ಮೆಯಿಂದ ಮತ ಹಾಕಿದವರನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸಿ, ಹೊಡೆದಾಟದ ನಡುವೆ ಹಾಕಿಸಿದರು.

ಕಾರಣ ಓದಿದ ಮೇಲೆ ಇನ್ನಷ್ಟು ಸಂಕಟವಾಯಿತು. ಆ 19 ಮತಗಟ್ಟೆಗಳ ಲೆಕ್ಕಕ್ಕೆ ಸಿಕ್ಕಿದ್ದು ಪಿಂಕ್ ಶೀಟ್‌ಗಳ ಸ್ಕ್ಯಾನ್ ಪ್ರತಿಗಳು ಮಾತ್ರ. ಅವು ತಮ್ಮವೇ ಹೌದೆಂದು ಆಯಾ ಪ್ರಿಸೈಡಿಂಗ್ ಆಫೀಸರುಗಳು ದೃಢಪಡಿಸಿರಲಿಲ್ಲ. ಆರು ತಿಂಗಳು ಒಂದು ಕ್ಷೇತ್ರಕ್ಕೆ ಸಂಸದರಿಲ್ಲದೆ ಹೋದದ್ದು ಇದಕ್ಕೆ.

ಪಕ್ಕದ ಮನೆಯ ಹುಡುಗಿಗೆ ಈ ವರ್ಷ ಪ್ರೌಢಶಾಲೆಯಲ್ಲಿ ಕೆಲಸವಾಗಿದೆ. ಇಂದಲ್ಲ ನಾಳೆ ಚುನಾವಣೆ ಡ್ಯೂಟಿ ಬಂದೇ ಬರುತ್ತದೆ, ಏನು ನೋಡಿಕೊಳ್ಳಬೇಕು ಮೇಡಂ ಎಂದು ಸಂಜೆ ಕೇಳಲು ಬಂದಿದ್ದಳು. ಕೂರಿಸಿಕೊಂಡು ಹೇಳಿದೆ: ರಾತ್ರಿ ಬಸ್ಸಿನವನು ಹಾರ್ನ್ ಹೊಡೆಯುತ್ತಿರುತ್ತಾನೆ, ಏಜೆಂಟರು ಮನೆಗೆ ಹೊರಡುವ ಆತುರದಲ್ಲಿರುತ್ತಾರೆ, ನಿನಗೂ ಕಾಲು ಸೆಳೆಯುತ್ತಿರುತ್ತದೆ. ಆಗ ಕೂತು 17ಸಿ ತುಂಬು, ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಿ ಹೇಳು, ಸಹಿ ಹಾಕು, ಕೇಳಲಿ ಬಿಡಲಿ ಪ್ರತಿಯೊಬ್ಬ ಏಜೆಂಟನ ಕೈಗೂ ಪ್ರತಿ ಕೊಟ್ಟು ರಸೀದಿಗೆ ರುಜು ಪಡೆ. ಬಸ್ಸು ಕಾಯುತ್ತದೆ.